ಅಳೆದು ಕೊಟ್ಟ ನೀರು

ನಮ್ಮ ಮನೆಯಲ್ಲಿ ಹಾಲು ಅಳೆದದ್ದುಂಟು, ರಾಗಿ ಅಳೆದದ್ದುಂಟು, ಹೊಲಕ್ಕೆ ಹಾಕುವ ಗೊಬ್ಬರ ಅಳೆದದ್ದುಂಟು. ಕುಡಿಯುವ ನೀರನ್ನು ಅಳೆದದ್ದು ಮಾತ್ರ ಒಂದೇ ಒಂದು ಸಲ, ಆ ವರ್ಷ ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ. ನೀರಿಲ್ಲದೆ ಅಳೆದದ್ದಲ್ಲ. ಬೋರಿನಲ್ಲಿ ನೀರಿತ್ತು, ತೊಟ್ಟಿಯಲ್ಲಿ ನೀರಿತ್ತು, ಪಡಸಾಲೆಯ ಸ್ಟ್ಯಾಂಡಿನ ಮೇಲೆ ಫಿಲ್ಟರ್ ನೀರಿನ ಕ್ಯಾನು ತುಂಬಿ ತುಳುಕುತ್ತಿತ್ತು. ನೀರು ಜಾಸ್ತಿ ಕುಡಿದರೆ ಮನುಷ್ಯ ಸಾಯುತ್ತಾನೆ ಎಂಬ ಭಯ ನನ್ನ ಗಂಡನಿಗೆ ಹಿಡಿದಿತ್ತು. ಅದಕ್ಕೇ ಅಳೆದರು. ಯಜಮಾನರು ಎಂದು ಬರೆಯುವುದು ನಮ್ಮ ಕಡೆಯ ಮರ್ಯಾದೆ. ಸಿಟ್ಟು ಬಂದಾಗ ನನಗೆ ಆ ಪದ ಬಾಯಿಗೆ ಬರುವುದಿಲ್ಲ, ಗಂಡ ಎಂದೇ ಬರೆಯುತ್ತೇನೆ.

ಗಾವಡಗೆರೆ ಹೋಬಳಿಯ ಹಳ್ಳಿ ನಮ್ಮದು. ಮುಂಗಾರು ಬಿದ್ದರೆ ಹೊಗೆಸೊಪ್ಪು ಹಾಕುವವರೇ ಎಲ್ಲ. ಹೊಲದಲ್ಲಿ ಮುರಿದ ಹಸಿ ಸೊಪ್ಪನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಮನೆಯೊಳಗೆ ಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಕೊಟ್ಟು ಕಾವಿನಲ್ಲಿ ಒಣಗಿಸುತ್ತೇವೆ. ಸೊಪ್ಪು ಬೇಯಿಸುವುದು ಎನ್ನುತ್ತೇವೆ ನಿಜ, ಆದರೆ ಕೆಲಸವೆಲ್ಲ ಎಲೆಯೊಳಗಿನ ನೀರನ್ನು ಹೊರಗೆ ಕಳಿಸುವುದೇ. ಅವಸರದಲ್ಲಿ ಕಳಿಸಿದರೆ ಎಲೆ ಹಸಿರಾಗಿಯೇ ಉಳಿದುಬಿಡುತ್ತದೆ. ತಡಮಾಡಿದರೆ ಕಪ್ಪಾಗುತ್ತದೆ. ನಡುವಿನ ದಂಟಿನಲ್ಲಿ ಒಂದಿಷ್ಟು ಪಸೆ ಉಳಿದರೂ ಮಾರಲು ಪಿಂಡಿ ಮಾಡಿ ಬೇಲು ಕಟ್ಟಿದ ಮೇಲೆ ಬೂಷ್ಟು ಹಿಡಿಯುತ್ತದೆ. ನನ್ನ ಗಂಡ ಈ ಕೆಲಸದಲ್ಲಿ ಗಟ್ಟಿಗರು, ಅದನ್ನು ಇಲ್ಲವೆನ್ನಲು ನನಗೆ ಬಾಯಿಲ್ಲ. ಪಿರಿಯಾಪಟ್ಟಣದ ಕಡೆಯಿಂದಲೂ ಜನ ಬಂದು "ಅಣ್ಣ, ನಮ್ ಬ್ಯಾರನ್ ಒಸಿ ನೋಡ್ ಬಾ" ಎಂದು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಾರೆ. ಇವರು ಹೋಗಿ ಒಂದು ಎಲೆ ತೆಗೆದು ದಂಟನ್ನು ಬೆರಳಲ್ಲಿ ಮಡಚುತ್ತಾರೆ. ಲಟಕ್ಕೆಂದು ಮುರಿದರೆ ಸೊಪ್ಪು ಆಯಿತು. ಬಾಗಿದರೆ ಒಳಗೆ ಇನ್ನೂ ನೀರಿದೆ. ಎಲೆಗೆ ಸರಿ ಹೋದದ್ದು ಹೆತ್ತ ತಾಯಿಗೂ ಸರಿ ಹೋಗುತ್ತದೆ ಎಂದುಕೊಂಡರಲ್ಲ, ಅಲ್ಲಿ ಕೆಟ್ಟಿತು.

ಅತ್ತೆಗೆ ಎಪ್ಪತ್ತು ದಾಟಿದೆ. ಮನೆಯಲ್ಲಿ ಸುಮ್ಮನೆ ಕೂರಿ ಎಂದರೆ ಕೂರುವ ಜೀವ ಅಲ್ಲ. ಸೊಪ್ಪು ಮುರಿಯುವ ಕಾಲ ಬಂದರೆ ಚಪ್ಪರದಡಿ ಗೋಣಿಚೀಲ ಹಾಸಿಕೊಂಡು ಕಡ್ಡಿಗೆ ಸೊಪ್ಪು ಕಟ್ಟಲು ಕೂತುಬಿಡುತ್ತಾರೆ. ಎಲೆ ಜೋಡಿಸಿ ದಾರ ಸುತ್ತುವ ಅವರ ಕೈ ನೋಡಿದರೆ ಹರೆಯದ ಹೆಣ್ಣುಮಕ್ಕಳಿಗೂ ನಾಚಿಕೆಯಾಗಬೇಕು. ಆ ದಿನ ಬೆಳಿಗ್ಗೆ ಮಳೆ ಹನಿದು ಸೊಪ್ಪೆಲ್ಲ ಒದ್ದೆಯಾಗಿತ್ತು. ಒದ್ದೆ ಸೊಪ್ಪಿನ ಜೊತೆ ಬಹಳ ಹೊತ್ತು ಇದ್ದರೆ ಅದರ ರಸ ಮೈಗೆ ಇಳಿದು ತಲೆ ಸುತ್ತುತ್ತದೆ, ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ನಮ್ಮ ಸೀಮೆಯಲ್ಲಿ ಇದು ಗೊತ್ತಿಲ್ಲದವರಿಲ್ಲ. ಇದನ್ನು ‘ಸೊಪ್ಪಿನ ಮತ್ತು’ ಎನ್ನುತ್ತೇವೆ. ಅದಕ್ಕೆ ಎಲ್ಲರೂ ಮಾಡುವ ಮದ್ದು ನೀರು. ಕುಡಿ, ವಾಂತಿ ಮಾಡು, ಮತ್ತೆ ಕುಡಿ.

ಅತ್ತೆಗೂ ಅದೇ ಆಯಿತು. ಚಪ್ಪರದ ಕಂಬ ಹಿಡಿದುಕೊಂಡು ಕಾರಿದರು. ನನ್ನ ಗಂಡ ಓಡಿ ಬಂದರು. ಚೊಂಬಿನ ಮೇಲೆ ಚೊಂಬು ತಂದು ತಾವೇ ತಾಯಿಯ ಬಾಯಿಗೆ ಹಿಡಿದರು.

"ಕುಡಿಯವ್ವ, ಕುಡಿ. ಎಲ್ಲಾ ತೊಳ್ಕಂಡೋಯ್ತದೆ."

"ಸಾಕು ಕಣ್ಲಾ, ಒಟ್ಟೆ ಉಬ್ಬರ್ಸ್ತದೆ."

"ಸುಮ್ಕೆ ಕುಡಿ ನೀನು."

ಕುಡಿದರು. ಮಗ ಕೊಟ್ಟದ್ದನ್ನೆಲ್ಲ ಕುಡಿದರು. ಬಿಪಿ ಎಂದು ಅವರಿಗೆ ಮೂತ್ರ ಹೆಚ್ಚು ಹೋಗಿಸುವ ಮಾತ್ರೆ ನಡೆಯುತ್ತಿತ್ತು. ಅದೇ ಬಿಪಿ ಎಂದು ನನ್ನ ಗಂಡ ಅವರ ಸಾರಿಗೆ ಉಪ್ಪು ಹಾಕುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಮೈಯಲ್ಲಿ ಮೊದಲೇ ಉಪ್ಪಿಲ್ಲ, ಇದ್ದದ್ದು ವಾಂತಿಯಲ್ಲಿ ಹೋಯಿತು, ಮೇಲಿಂದ ಬರೀ ನೀರು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಆ ಸಂಜೆ ಅತ್ತೆ ಹಾಸಿಗೆಯ ಮೇಲೆ ಕೂತು ಗಾಳಿಯಲ್ಲಿ ಸೊಪ್ಪು ಕಟ್ಟುತ್ತಿದ್ದರು. ಎಲೆಯಿಲ್ಲ, ದಾರವಿಲ್ಲ, ಕಡ್ಡಿಯಿಲ್ಲ. ಕೈ ಮಾತ್ರ ಜೋಡಿಸುತ್ತಿದೆ, ಸುತ್ತುತ್ತಿದೆ, ಎಳೆಯುತ್ತಿದೆ. ನೋಡಲು ಬಂದ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ಇನ್ನೂ ಮತ್ತು ಇಳ್ದಿಲ್ಲ ಕಣಕ್ಕ, ಮಲ್ಗುಸ್ಬುಡಿ" ಎಂದರು. ಬೆಳಗಾದಾಗ ಅವರಿಗೆ ನನ್ನ ಗುರುತು ಸಿಗಲಿಲ್ಲ, ಮಗನ ಗುರುತೂ ಸಿಗಲಿಲ್ಲ.

ಪಕ್ಕದ ಮನೆಯವರ ಕಾರಿನಲ್ಲಿ ಹುಣಸೂರಿಗೆ ಓಡಿದೆವು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಸೋಡಿಯಂ ಬಹಳ ಇಳಿದುಹೋಗಿದೆ, ಇನ್ನು ತಡಮಾಡಿದ್ದರೆ ಫಿಟ್ಸ್ ಬರುತ್ತಿತ್ತು, ಜೀವಕ್ಕೇ ಕಷ್ಟವಿತ್ತು ಎಂದರು. "ಇಷ್ಟೊಂದು ನೀರು ಯಾರ್ರೀ ಕುಡಿಸಿದ್ದು?" ಎಂದು ಕೇಳಿದರು. ನನ್ನ ಗಂಡ ಗೋಡೆ ನೋಡಿಕೊಂಡು ನಿಂತಿದ್ದರು. ಡ್ರಿಪ್ ಹಾಕಿದರು, ಮಾತ್ರೆ ಬದಲಾಯಿಸಿದರು, ಅತ್ತೆಗೆ ನಿಧಾನವಾಗಿ ನಮ್ಮ ಗುರುತು ಸಿಕ್ಕಿತು. ಮನೆಗೆ ಕಳಿಸುವ ದಿನ ಡಾಕ್ಟರು ಬಾಗಿಲಲ್ಲೇ ನಿಂತು, "ಊಟಕ್ಕೆ ಉಪ್ಪು ಹಾಕಿ. ನೀರು ಕಮ್ಮಿ ಕೊಡಿ, ದಿನಕ್ಕೆ ಒಂದು ಲೀಟರ್ ಮೇಲೆ ಬೇಡ. ರಕ್ತ ಚೆಕ್ ಮಾಡಿಸ್ಕೊಂಡು ಬಂದು ತೋರಿಸಿ" ಎಂದು ಹೇಳಿ ಮುಂದಿನ ರೋಗಿಯ ಕಡೆ ನಡೆದರು. ಎಲ್ಲಿಯವರೆಗೆ ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ನನ್ನ ಗಂಡ ಅತ್ತೆಯನ್ನು ಕರೆದುಕೊಂಡು ಹೋಗಿ ಲ್ಯಾಬಿನಲ್ಲಿ ರಕ್ತ ಕೊಡಿಸಿದರು. ಸೋಡಿಯಂ ಸರಿಯಾಗಿತ್ತು. ಡಾಕ್ಟರ ಹತ್ತಿರ ಉದ್ದ ಸಾಲಿತ್ತಂತೆ, ಮನೆಯಲ್ಲಿ ಬ್ಯಾರನ್ ಉರಿಯುತ್ತಿತ್ತು, ತೋರಿಸದೆ ಬಂದರು. ಬಂದವರು ಕಂಡುಹಿಡಿದದ್ದು ಇಷ್ಟು: ನೀರು ಕಡಿಮೆ ಕೊಟ್ಟೆವು, ಸೋಡಿಯಂ ಸರಿಯಾಯಿತು. ಕಡಿಮೆ ಕೊಡುತ್ತಲೇ ಇದ್ದರೆ ಸರಿಯಾಗಿಯೇ ಇರುತ್ತದೆ. ಮತ್ತೆ ಮತ್ತೆ ರಕ್ತ ಕೊಡಿಸಿದರು. ಪ್ರತಿ ಸಲ ಸರಿಯಾಗಿಯೇ ಬಂತು. ಪ್ರತಿ ಸಲವೂ ಅವರ ನಂಬಿಕೆ ಇನ್ನಷ್ಟು ಬಿಗಿಯಾಯಿತು. ಇಂಥ ತರ್ಕದ ಎದುರು ಯಾವ ದೇವರು ಬಂದು ವಾದ ಮಾಡಬೇಕು ಹೇಳಿ.

ಹೀಗೆ ಶುರುವಾಯಿತು ನಮ್ಮ ಮನೆಯ ನೀರಿನ ಕಟ್ಟಳೆ. ಬೆಳಿಗ್ಗೆ ಒಂದು ಲೀಟರಿನ ಬಾಟಲಿಗೆ ನೀರು ತುಂಬಿಸಿ ಅತ್ತೆಯ ತಲೆದೆಸೆಯಲ್ಲಿ ಇಡುತ್ತಿದ್ದರು. ಕಾಫಿ ಕೊಟ್ಟರೆ ಆ ಬಾಟಲಿಯಿಂದ ಕಾಫಿಯಷ್ಟು ನೀರು ಚೆಲ್ಲುತ್ತಿದ್ದರು. ಸಾರು ಜಾಸ್ತಿ ಬಡಿಸಿದರೆ ಅದಕ್ಕೂ ಚೆಲ್ಲುತ್ತಿದ್ದರು. ಮಜ್ಜಿಗೆ ನಿಂತಿತು. ಕಲ್ಲಂಗಡಿ ಹಣ್ಣು ತಂದ ನೆಂಟರಿಗೆ ಅದನ್ನು ವಾಪಸ್ಸು ಕಟ್ಟಿಕೊಟ್ಟರು. ಬೆಳಿಗ್ಗೆ ಎದ್ದವರೇ ತಾಯಿಯ ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು, ನೀರು ತುಂಬಿ ಗುಳಿ ಬೀಳುತ್ತದೆಯೋ ಎಂದು. ದಂಟು ಮಡಚಿ ನೋಡುವ ಮುಖ ಇದೆಯಲ್ಲ, ಅದೇ ಮುಖ.

ತಾಯಿಗೆ ಮಾತ್ರ ಆಗಿದ್ದರೆ ಒಂದು ಮಾತು. ಭಯ ನನ್ನ ಗಂಡನೊಳಗೇ ಹೊಕ್ಕಿತು. ಮೊಬೈಲಿನಲ್ಲಿ ಯಾರೋ ಕೋಟು ಹಾಕಿಕೊಂಡವನು ನೀರೇ ವಿಷ ಎಂದು ಕೈ ಬೀಸಿ ಹೇಳುತ್ತಿದ್ದ, ಅದನ್ನು ಊಟ ಮಾಡುವಾಗ ಜೋರಾಗಿ ಹಾಕುತ್ತಿದ್ದರು. ಎರಡು ವರ್ಷದ ಹಿಂದೆ ಇದೇ ಮೊಬೈಲಿನಲ್ಲಿ ಇನ್ನೊಬ್ಬ ಬೆಳಿಗ್ಗೆ ಎದ್ದು ಬರೀ ಹೊಟ್ಟೆಯಲ್ಲಿ ಹೊಟ್ಟೆ ಬಿರಿಯುವಷ್ಟು ನೀರು ಕುಡಿಯಿರಿ ಎಂದದ್ದಕ್ಕೆ ನಮ್ಮನ್ನೆಲ್ಲ ಎಬ್ಬಿಸಿ ಕುಡಿಸಿದ್ದರು! ಈಗ ತಮ್ಮ ಕಾಲನ್ನೂ ಒತ್ತಿ ನೋಡಿಕೊಳ್ಳುತ್ತಿದ್ದರು. ಬೀಗದಕೈ ಎಲ್ಲಿಟ್ಟೆ ಎಂಬುದು ಮರೆತರೆ ಮುಖ ಬಿಳಿಚಿಕೊಳ್ಳುತ್ತಿತ್ತು. "ಸೋಡಿಯಂ ಇಳೀತಾ ಅದೆ ಕಣೇ" ಎನ್ನುತ್ತಿದ್ದರು. ಹುಟ್ಟಿದಾಗಿನಿಂದ ಬೀಗದಕೈ ಮರೆಯುವ ಮನುಷ್ಯ! ಒಂದು ಲೋಟ ನೀರು ಕುಡಿದರೆ ಅರ್ಧ ಗಂಟೆ ಸುಮ್ಮನೆ ಕೂತು ತಲೆನೋವು ಬರುತ್ತದೆಯೋ ಎಂದು ಕಾಯುತ್ತಿದ್ದರು. ಕಾಯುತ್ತ ಕೂತರೆ ಯಾರಿಗೆ ತಾನೆ ತಲೆನೋವು ಬರುವುದಿಲ್ಲ. ಬಂದೇ ಬರುತ್ತಿತ್ತು.

ಆಮೇಲೆ ಅವರ ಕಣ್ಣು ನನ್ನ ಚೊಂಬಿನ ಮೇಲೆ ಬಿತ್ತು. ಕ್ಯಾನಿನ ನಲ್ಲಿ ತಿರುಗಿಸಿದ ಸದ್ದು ಕೇಳಿದರೆ ಅಂಗಳದಿಂದಲೇ ಕೂಗುತ್ತಿದ್ದರು. "ಈಗ್ತಾನೆ ಕುಡುದ್ಯಲ್ಲೇ?" ನನಗೆ ಇದರಿಂದ ಎಷ್ಟು ರೇಗುತ್ತಿತ್ತು ಎಂದರೆ ಹೇಳಲಾರೆ. ಯಾಕೆಂದರೆ ನೀರು ಕುಡಿಯಬೇಡ ಎಂಬ ಮಾತನ್ನು ನಾನು ಹುಟ್ಟಿದಾರಭ್ಯ ಕೇಳಿಕೊಂಡು ಬಂದವಳು. ನನ್ನ ತವರು ಹನಗೋಡಿನ ಹತ್ತಿರ, ಲಕ್ಷ್ಮಣತೀರ್ಥ ಹೊಳೆಯ ಪಕ್ಕ. ಕಣ್ಣ ಮುಂದೆ ಹೊಳೆ ಹರಿಯುತ್ತಿತ್ತು, ಸ್ಕೂಲಿಗೆ ಹೊರಟರೆ ಅವ್ವ "ನೀರ್ ಕುಡೀಬ್ಯಾಡ, ಅಲ್ಲಿ ಕೂರಕ್ಕೆ ಜಾಗ ಇಲ್ಲ" ಎನ್ನುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಹೊಲದಲ್ಲಿ ಅದೇ ಮಾತು. ಸೊಪ್ಪಿನ ಸಾಲುಗಳ ನಡುವೆ ಗಂಡಾಳುಗಳು ಓಡಾಡುತ್ತಿರುವಾಗ ಹೆಂಗಸರು ಎಲ್ಲಿ ಹೋಗಬೇಕು? ಕುಡಿಯದೆ ಇರಬೇಕು. ಬಸ್ಸಿಗೆ ಹೊರಟರೆ ಕುಡಿಯದೆ ಇರಬೇಕು, ಮದುವೆಮನೆಗೆ ಹೊರಟರೆ ಕುಡಿಯದೆ ಇರಬೇಕು. ಉರಿಮೂತ್ರ ನಮ್ಮೂರ ಹೆಂಗಸರಿಗೆ ನೆಗಡಿ ಇದ್ದ ಹಾಗೆ. ಮನೆಯಲ್ಲಿ ಕಕ್ಕಸು ಕಟ್ಟಿಸಿದ ಮೇಲಷ್ಟೇ ನಾನು ಬೇಕಾದಾಗ ಬೇಕಾದಷ್ಟು ನೀರು ಕುಡಿದದ್ದು. ನನ್ನ ಬದುಕಿನ ದೊಡ್ಡ ಸುಖ ಯಾವುದು ಎಂದು ಕೇಳಿದರೆ ಅದನ್ನೇ ಹೇಳುತ್ತೇನೆ. ಆ ಸುಖದ ಮೇಲೆ ಈ ಮನುಷ್ಯ ಬಂದು ಕೂತಿದ್ದರು.

ನಾನು ನನ್ನ ಪಾಡಿಗೆ ಕುಡಿಯುತ್ತಿದ್ದೆ, ಅವರು ಕೂಗುತ್ತಿದ್ದರು, ನಾನು ಇನ್ನೊಂದು ಲೋಟ ಬೇಕೆಂದೇ ಕುಡಿಯುತ್ತಿದ್ದೆ. ಆದರೆ ಅತ್ತೆಯ ವಿಷಯದಲ್ಲಿ ನನ್ನ ಬಾಯಿ ಕಟ್ಟಿತ್ತು. ಒಂದು ದಿನ "ಬೇಸಿಗೆ ಶುರುವಾಯ್ತು, ಆ ಬಾಟ್ಲಿಲಿ ಏನಾಯ್ತದೆ? ಇನ್ನೊಂದೀಟು ಕೊಡಿ" ಎಂದೆ. ನನ್ನ ಗಂಡ ನನ್ನನ್ನು ದಿಟ್ಟಿಸಿ ನೋಡಿದರು.

"ನಮ್ಮವ್ವನ್ನ ಸಾಯ್ಸ್ಬೇಕು ಅಂತಿದ್ದೀಯಾ?"

ಸೊಸೆಯ ಬಾಯಿ ಮುಚ್ಚಿಸಲು ಇದಕ್ಕಿಂತ ಗಟ್ಟಿ ಬಿರಟೆ ಇಲ್ಲ. ಮಿರ್ಲೆಗೆ ಕೊಟ್ಟಿರುವ ನಾದಿನಿ ಅದೇ ದಿನ ಫೋನು ಮಾಡಿ, "ಅತ್ಗೆ, ಅಣ್ಣ ಯೋಳ್ದಂಗೆ ಕೇಳಿ ಬುಡಿ, ಡಾಕ್ಟ್ರೇ ಯೋಳವ್ರಂತಲ್ಲ" ಎಂದಳು. ಅವಳ ಮನೆಯ ಹಿತ್ತಿಲಲ್ಲಿ ನಾಲೆ ಹರಿಯುತ್ತದೆ. ನಾಳೆ ಅತ್ತೆಗೆ ಏನಾದರೂ ಆದರೆ ನೀರು ಕೊಟ್ಟವಳು ಸೊಸೆ ಎಂದು ಹುಣಸೂರಿನಿಂದ ಕೆ.ಆರ್. ನಗರದವರೆಗೆ ಮಾತು ಓಡಾಡುತ್ತದೆ ಎಂಬುದು ನನಗೂ ಗೊತ್ತಿತ್ತು. ಆದರೂ ಗಂಡ ಹೊರಗೆ ಹೋದಾಗ ಒಂದೆರಡು ಸಲ ಲೋಟ ತುಂಬಿಸಿಕೊಂಡು ಹೋದೆ. ಅತ್ತೆ ಮುಟ್ಟಲಿಲ್ಲ.

"ಬ್ಯಾಡ ಕಣ್ ಮಗ. ಅವ್ನು ಎದ್ರುಕಂಡವ್ನೆ. ನೀನ್ ಕೊಟ್ಟೆ ಅಂತ ಗೊತ್ತಾದ್ರೆ ನಿನ್ ಮ್ಯಾಲ್ ಬತ್ತದೆ."

"ಬಾಯಾರಲ್ವಾ ಅತ್ತೆ?"

"ಆರ್ತದೆ. ಏನ್ ಮಾಡೂದು, ಇರ್ಲಿ ಬುಡು."

ಆ ಬೇಸಿಗೆ ಎಚ್.ಡಿ. ಕೋಟೆಯಲ್ಲಿ ನೆಂಟರ ಮದುವೆ. ಈಗಿನ ಮದುವೆಗಳಲ್ಲಿ ಎಲೆಯ ಪಕ್ಕಕ್ಕೆ ಪುಟ್ಟ ಪುಟ್ಟ ನೀರಿನ ಬಾಟಲಿ ಇಡುತ್ತಾರಲ್ಲ. ಬಡಿಸುವ ಹುಡುಗಿ ಅತ್ತೆಯ ಎಲೆಯ ಮುಂದೆ ಒಂದು ಇಟ್ಟಳು. ನನ್ನ ಗಂಡ ಎದುರು ಪಂಕ್ತಿಯಿಂದ ಎದ್ದು, ಎಂಜಲು ಕೈಯಲ್ಲೇ ದಾಟಿ ಬಂದು, ಆ ಬಾಟಲಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಕೂಟಿನಲ್ಲಿ ಖಾರ ಜಾಸ್ತಿ ಬಿದ್ದಿತ್ತು. ಅತ್ತೆಗೆ ಬಿಕ್ಕಳಿಕೆ ಬಂತು. ಪಕ್ಕದ ಹೆಂಗಸು ತನ್ನ ಬಾಟಲಿ ಕೊಡಲು ಹೋದಳು, ಅತ್ತೆ ಮಗನ ಕಡೆ ನೋಡಿ ಬೇಡವೆಂದು ಕೈ ಆಡಿಸಿದರು. ಬಿಕ್ಕಳಿಸುತ್ತಲೇ ಪಾಯಸ ಉಂಡರು. ತಾಯಿಯನ್ನು ಎಷ್ಟು ನಿಗಾ ಮಾಡಿ ನೋಡಿಕೊಳ್ಳುತ್ತಾನೆ ಮಗ ಎಂದು ಕೈತೊಳೆಯುವ ಹತ್ತಿರ ಒಬ್ಬರು ನನ್ನೆದುರೇ ಹೊಗಳಿದರು. ನನಗೆ ಆ ತೊಳೆದ ಕೈಯಿಂದಲೇ ಯಾರಿಗಾದರೂ ಒಂದು ಬಿಡೋಣ ಎನ್ನಿಸಿತು.

ಮದುವೆಯಿಂದ ಬಂದ ಮೇಲೆ ಅತ್ತೆ ಸೊರಗಿದರು. ತುಟಿ ಬಿರಿಯಿತು. ಮಾತಾಡಿದರೆ ನಾಲಿಗೆ ಮೇಲಂಗುಳಕ್ಕೆ ಅಂಟಿಕೊಂಡು ಬಿಡಿಸಿಕೊಳ್ಳುವ ಸದ್ದು ಕೇಳುತ್ತಿತ್ತು. ಹೊಟ್ಟೆ ಕಟ್ಟಿ ನರಳುತ್ತಿದ್ದರು. ಎದ್ದು ನಿಂತರೆ ಕಣ್ಣು ಕತ್ತಲಿಟ್ಟು ಗೋಡೆ ಹಿಡಿಯುತ್ತಿದ್ದರು. "ನೋಡ್ದಾ, ಸೋಡಿಯಂ ಇಳ್ದಿದೆ" ಎಂದು ನನ್ನ ಗಂಡ ಬಾಟಲಿಯ ನೀರನ್ನು ಇನ್ನೂ ಇಳಿಸಿದರು.

ಒಂದು ಮಧ್ಯಾಹ್ನ ಅವರು ಸೊಪ್ಪಿನ ಸಸಿಮಡಿಗೆ ನೀರು ಹಾಕಲು ಹೋಗಿದ್ದರು. ಹೌದು, ಸಸಿಗೆ ಹೊತ್ತು ಹೊತ್ತಿಗೆ ನೀರು ಹಾಕುತ್ತಿದ್ದರು. ನಾನು ಹಸುವಿಗೆ ಹುಲ್ಲು ಹಾಕಿ ಒಳಗೆ ಬಂದೆ. ಅತ್ತೆಯ ಹಾಸಿಗೆ ಖಾಲಿ. ಬಚ್ಚಲುಮನೆಯ ಬಾಗಿಲು ಒಂದಿಷ್ಟು ತೆರೆದಿತ್ತು. ಬಿದ್ದುಗಿದ್ದರೋ ಎಂದು ಹೆದರಿ ತಳ್ಳಿದೆ. ಅತ್ತೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದರು. ಸದ್ದಾಗದಿರಲಿ ಎಂದು ನಲ್ಲಿಯನ್ನು ಎಳೆಯಷ್ಟೇ ಸಣ್ಣಗೆ ಬಿಟ್ಟಿದ್ದರು. ಕೈಯಲ್ಲಿ ಕಾಲು ತೊಳೆಯುವ ಪ್ಲಾಸ್ಟಿಕ್ ಮಗ್ಗು. ಅದನ್ನು ಬಾಯಿಗೆ ಹಚ್ಚಿ ಗಟಗಟನೆ ಕುಡಿಯುತ್ತಿದ್ದರು. ಗದ್ದದಿಂದ ಇಳಿದ ನೀರಿಗೆ ಸೆರಗು ಒದ್ದೆಯಾಗಿತ್ತು. ನನ್ನನ್ನು ಕಂಡದ್ದೇ ಬೆಚ್ಚಿಬಿದ್ದು, ಮಗ್ಗಿನಲ್ಲಿ ಉಳಿದಿದ್ದ ನೀರನ್ನು ಸರಕ್ಕನೆ ಕಾಲಮೇಲೆ ಸುರಿದುಕೊಂಡರು.

"ಕಾಲ್ ತೊಳ್ಕತಿದ್ದೆ ಕಣ್ ಮಗ."

ಈ ಮನೆಗೆ ಸೊಸೆಯಾಗಿ ಬಂದು ದುಡಿದು, ಬೋರು ಕೊರೆಸುವ ಮೊದಲು ತಲೆಯ ಮೇಲೆ ಕೊಡ ಹೊತ್ತು ಊರ ಬಾವಿಯಿಂದ ಇಡೀ ಸಂಸಾರಕ್ಕೆ ನೀರು ತಂದ ಹೆಂಗಸು ನನ್ನೆದುರು ಸುಳ್ಳು ಹೇಳಿದರು. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು, ಎದೆಯಿಂದ ನೆತ್ತಿಗೆ ಏರಿತು. ಗಂಡನ ಮೇಲೆ, ಮಿರ್ಲೆಯ ನಾದಿನಿಯ ಮೇಲೆ, ಕೋಟಿನ ಮನುಷ್ಯನ ಮೇಲೆ, ಬಾಗಿಲಲ್ಲಿ ನಿಂತು ಅರ್ಧ ಮಾತು ಹೇಳಿ ಹೋದ ಡಾಕ್ಟರ ಮೇಲೆ. ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದೆ. ಜಗುಲಿಗೆ ಕರೆದುಕೊಂಡು ಬಂದು, ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ಕೂರಿಸಿ, ತೊಳೆದ ಚೊಂಬಿನಲ್ಲಿ ನೀರು ಕೊಟ್ಟೆ. ಗೇಟಿನ ಕಡೆ ನೋಡುತ್ತ ನೋಡುತ್ತ ಕುಡಿದರು. ಸೀರೆ ಬದಲಾಯಿಸಿ, ಅವರಿಗೂ ಬದಲಾಯಿಸಿ, ಅವರನ್ನು ಕರೆದುಕೊಂಡು ಹುಣಸೂರಿನ ಬಸ್ಸು ಹತ್ತಿದೆ.

ಅದೇ ಡಾಕ್ಟರು ಇದ್ದರು. ಅತ್ತೆಯ ನಾಲಿಗೆ ನೋಡಿದರು, ಕೈಯ ಚರ್ಮ ಚಿವುಟಿ ನೋಡಿದರು. ಚಿವುಟಿದ ಚರ್ಮ ಹಾಗೇ ಎದ್ದು ನಿಂತಿತು.

"ನೀರೇ ಕುಡೀತಿಲ್ವೇನಮ್ಮ ಇವರು?"

"ನೀವೇ ತಾನೆ ಒಂದು ಲೀಟರ್ ಅಂದದ್ದು?"

ಅವರು ಹಳೆಯದನ್ನೆಲ್ಲ ಕೇಳಿ ತಿಳಿದುಕೊಂಡು, "ಅಯ್ಯೋ, ಅದು ಆಗ ಸೋಡಿಯಂ ಇಳಿದಿತ್ತಲ್ಲಮ್ಮ, ಆ ವಾರಕ್ಕೆ ಹೇಳಿದ್ದು. ಇಷ್ಟು ದಿನ ಹಂಗೇ ಮಾಡೋದಾ?" ಎಂದರು.

"ಆ ವಾರಕ್ಕೆ ಅಂತ ಆವತ್ತು ಬಾಯಿಬಿಟ್ಟು ಹೇಳ್ಬೇಕಿತ್ತಲ್ವ ಸಾ?" ಎಂದೆ. ನನ್ನ ದನಿ ಎದ್ದಿತ್ತು. ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ನೋಡಲಿ ಎನ್ನಿಸಿತು. ಡಾಕ್ಟರಿಗೆ ಸಿಟ್ಟು ಬರಬಹುದೆಂದುಕೊಂಡೆ, ಬರಲಿಲ್ಲ. ಬಂದು ತೋರಿಸಿ ಎಂದಿದ್ದೆನಲ್ಲ ಎಂದು ಮೆಲ್ಲಗೆ ಹೇಳಿದರು. ಅದೂ ನಿಜವೇ. ಬಾಯಾರಿದಾಗ ಕುಡಿಯಲಿ, ಬೇಡವೆನಿಸಿದಾಗ ಬಲವಂತ ಮಾಡಬೇಡಿ, ಊಟಕ್ಕೆ ಹದವಾಗಿ ಉಪ್ಪಿರಲಿ, ವಾಂತಿಭೇದಿ ಆದರೆ ಬರೀ ನೀರು ಕುಡಿಸದೆ ಕರೆದುಕೊಂಡು ಬನ್ನಿ ಎಂದರು. ಇದನ್ನು ನನ್ನ ಗಂಡನಿಗೆ ಹೇಳಿ ಎಂದು ಫೋನು ಹಚ್ಚಿ ಅವರ ಕೈಗೆ ಕೊಟ್ಟೆ. ಆ ಕಡೆಯಿಂದ "ಸರಿ ಸಾ, ಸರಿ ಸಾ" ಎಂಬುದಷ್ಟೇ ಕೇಳಿತು.

ಸರಿ ಸಾ ಎಂದವರು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

"ಅವ್ರಿಗೇನ್ ಗೊತ್ತು? ನೀರು ಜಾಸ್ತಿಯಾಗಿ ನಮ್ಮವ್ವ ಎಂಗಾಗಿದ್ಲು ಅಂತ ನಾನ್ ನೋಡಿವ್ನಿ. ಇನ್ನೊಂದ್ಸಲ ಅಂಗಾದ್ರೆ ಉಳೀತಾಳಾ?"

"ಡಾಕ್ಟ್ರೇ ಹೇಳಿದ್ರಲ್ರೀ."

"ಡಾಕ್ಟ್ರು ಕುಡಿಸ್ಲಿಲ್ಲ ಕಣೇ. ನಾನ್ ಕುಡಿಸ್ದೆ. ಸಾಕು ಅಂದ್ಲು, ಬುಡ್ಲಿಲ್ಲ ನಾನು. ಈ ಕೈಯಾರ ಕುಡಿಸ್ದೆ."

ಎರಡೂ ಕೈ ಚಾಚಿ ತೋರಿಸಿದರು. ಸೊಪ್ಪಿನ ಕಲೆ ಹಿಡಿದ ಕೈ, ಎಷ್ಟು ತೊಳೆದರೂ ಹೋಗದ ಕಲೆ. ಅಯ್ಯೋ ಎನ್ನಿಸಿತು, ಇಲ್ಲವೆನ್ನುವುದಿಲ್ಲ. ಇಷ್ಟು ಕಾಲ ಆ ಚೊಂಬನ್ನು ಮನಸ್ಸಿನಲ್ಲಿ ಹೊತ್ತು ತಿರುಗಿದ್ದರೆಂದು ನನಗೆ ಅಂದೇ ತಿಳಿದದ್ದು. ಆದರೆ ಅಯ್ಯೋ ಎನ್ನಿಸಿದ ಮಾತ್ರಕ್ಕೆ ಸಿಟ್ಟು ಇಳಿಯಬೇಕೆಂದು ಯಾವ ಕಾನೂನೂ ಇಲ್ಲ.

"ನಿಮಗೆ ಭಯ ಆಯ್ತು ಅಂತ ನಿಮ್ಮವ್ವ ಬಚ್ಚಲಲ್ಲಿ ಕದ್ದು ನೀರು ಕುಡೀಬೇಕಾ?" ಎಂದೆ.

"ಬಚ್ಚಲಲ್ಲಾ?"

"ಹೂಂ, ಕಾಲು ತೊಳೆಯೋ ಮಗ್ಗಲ್ಲಿ. ನಾನು ನೋಡಿದೆ ಅಂತ ಕಾಲ್ಮೇಲೆ ಸುರ್ಕೊಂಡ್ರು. ಹೋಗಿ ನೋಡಿ, ಮಗ್ಗು ಅಲ್ಲೇ ಇದೆ."

ಅವರು ಹೋದರು. ಬಚ್ಚಲುಮನೆಯ ಬಾಗಿಲಲ್ಲಿ ಬಗ್ಗಿ ಮಗ್ಗು ನೋಡಿದರು. ಆಮೇಲೆ ಬಂದು ಹಾಸಿಗೆಯ ಮೇಲೆ ಕೂತಿದ್ದ ತಾಯಿಯ ಕಾಲಬುಡದಲ್ಲಿ ಕೂತರು. ಏನಾದರೂ ಒಳ್ಳೆಯ ಮಾತಾಡುತ್ತಾರೆ ಎಂದು ಕಾದೆ. ಅವರ ಕೈ ತಾನಾಗಿ ಮುಂದೆ ಹೋಗಿ ಅತ್ತೆಯ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿತು. ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡರು. ಮದುವೆಯಾಗಿ ಬಂದಾಗಿನಿಂದ ಅವರು ಮಗನ ಮೇಲೆ ದನಿ ಏರಿಸಿದ್ದನ್ನು ನಾನು ಕೇಳಿದವಳಲ್ಲ.

"ಮುಟ್ಬ್ಯಾಡ. ನಾನೇನ್ ಸೊಪ್ಪಲ್ಲ ಕಣ್ಲಾ, ನೀನ್ ಒಣಗ್ಸಕ್ಕೆ."

ಮಗ ಕೈ ಹಿಂದಕ್ಕೆ ತೆಗೆದುಕೊಂಡರು. ಮೈದಡವಿ ಸಮಾಧಾನ ಮಾಡುವ ಅತ್ತೆಯ ಕೈ ಅಂದು ಮಡಿಲಲ್ಲೇ ಇತ್ತು.

ಮರುದಿನದಿಂದ ಬಾಟಲಿ ಇಡುವುದು ನಿಂತಿತು. ಮಜ್ಜಿಗೆ ಬಂತು. ಅತ್ತೆ ಚೇತರಿಸಿಕೊಂಡರು, ಈ ಸಲದ ಸೊಪ್ಪಿಗೂ ಚಪ್ಪರದಡಿ ಕೂತರು, ಒದ್ದೆ ಸೊಪ್ಪನ್ನು ಮಾತ್ರ ಅವರ ಹತ್ತಿರ ಬಿಡುವುದಿಲ್ಲ. ನನ್ನ ಗಂಡ ಈಗಲೂ ತಮ್ಮ ಕಾಲನ್ನು ಒತ್ತಿ ನೋಡಿಕೊಳ್ಳುತ್ತಾರೆ, ಬ್ಯಾರನ್ನಿನ ಬೆಂಕಿಯ ಮುಂದೆ ನಿಂತು ಬೆವರು ಸುರಿಸಿಯೂ ಒಂದು ಲೋಟ ನೀರಿಗೆ ಮೂರು ಸಲ ಯೋಚಿಸುತ್ತಾರೆ. ಯಾರಿಗಾದರೂ ತೋರಿಸೋಣ, ಈ ಭಯಕ್ಕೂ ಡಾಕ್ಟರಿದ್ದಾರೆ ಎಂದೆ. ನನಗೇನು ಹುಚ್ಚೇ ಎಂದು ಎಗರಿದರು. ಸರಿ, ಅದು ಅವರ ಪಾಡು. ಯಾರು ಎಷ್ಟು ಕುಡಿದರು ಎಂದು ಮನೆಯಲ್ಲಿ ಕೇಳುವ ಹಾಗಿಲ್ಲ ಎಂದು ಮಾತ್ರ ಕಡ್ಡಿ ಮುರಿದ ಹಾಗೆ ಹೇಳಿದ್ದೇನೆ, ಈಗ ಆ ಪ್ರಶ್ನೆ ಎತ್ತುವುದಿಲ್ಲ.

ಎಲ್ಲ ಸರಿಹೋಯಿತು ಎಂದುಕೊಂಡಿದ್ದೆ. ಮೊನ್ನೆ ಅತ್ತೆ ಅಡುಗೆಮನೆಯಲ್ಲಿ ನಿಂತು ಚೊಂಬೆತ್ತಿ ನೀರು ಕುಡಿಯುತ್ತಿದ್ದರು. ನಾನು ಅಲ್ಲೇ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದೆ. ಪಡಸಾಲೆಯಲ್ಲಿ ಮಗನ ಹೆಜ್ಜೆ ಸದ್ದಾಯಿತು. ಅವರು ಊಟಕ್ಕೆ ಬಂದದ್ದು, ಅಷ್ಟೇ. ಅತ್ತೆ ಬೆಚ್ಚಿ, ಬಾಯಿಂದ ಚೊಂಬು ತೆಗೆದು, ಉಳಿದ ನೀರನ್ನು ಸರಕ್ಕನೆ ಕಾಲಮೇಲೆ ಸುರಿದುಕೊಂಡರು. ಅಡುಗೆಮನೆಯ ನೆಲವೆಲ್ಲ ನೀರಾಯಿತು. ತಾವು ಮಾಡಿದ್ದೇನೆಂದು ತಿಳಿದು ಅವರೇ ಖಾಲಿ ಚೊಂಬು ಹಿಡಿದು ನಾಚಿಕೊಂಡು ನಿಂತರು. ನನ್ನ ಗಂಡ ಹೊಸ್ತಿಲ ಮೇಲೆ ನಿಂತಿದ್ದರು. ಎಲ್ಲವನ್ನೂ ನೋಡಿದರು.

ನಾನು ಮುದ್ದೆಕೋಲು ಕೆಳಗಿಟ್ಟು, ಮೂಲೆಯಲ್ಲಿದ್ದ ನೆಲ ಒರೆಸುವ ಬಟ್ಟೆ ತಂದು ಗಂಡನ ಕೈಗೆ ಕೊಟ್ಟೆ. "ಒರೆಸಿ" ಎಂದೆ.